ವಿಕೆಟ್ ಬೀಳದಿರಲಿ ಅಂತ ಹಾಕಿದ ಓವರ್

1999ರ ಫೆಬ್ರವರಿ 7. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಗೆಲ್ಲಲು 420 ರನ್ ಬೇಕಿದ್ದ ಪಾಕಿಸ್ತಾನ ಊಟದ ಹೊತ್ತಿಗೆ ಒಂದೂ ವಿಕೆಟ್ ಕಳೆದುಕೊಳ್ಳದೆ 101 ರನ್ ಮಾಡಿತ್ತು. ಊಟವಾದ ಮೇಲೆ ಅನಿಲ್ ಕುಂಬ್ಳೆ ಎಂಡ್ ಬದಲಿಸಿ ಬೌಲಿಂಗ್ ಮಾಡಿದರು. ಒಂದರ ಹಿಂದೆ ಒಂದು ಒಂಬತ್ತು ವಿಕೆಟ್ ಉರುಳಿದವು. ಒಂಬತ್ತೂ ಅವರದೇ.

ಉಳಿದಿದ್ದು ಒಂದೇ ವಿಕೆಟ್. ಆಗ ಇನ್ನೊಂದು ತುದಿಯಿಂದ ಓವರ್ ಹಾಕಬೇಕಾಗಿದ್ದು ಜಾವಗಲ್ ಶ್ರೀನಾಥ್. ಆ ಓವರ್ ನೋಡಿದವರಿಗೆ ಈಗಲೂ ನೆನಪಿರುತ್ತೆ. ಚೆಂಡುಗಳು ಆಫ್ ಸ್ಟಂಪ್‌ನಿಂದ ಎಷ್ಟೋ ಹೊರಗೆ ಹೋಗುತ್ತಿದ್ದವು. ಬ್ಯಾಟ್ಸ್‌ಮನ್‌ಗೆ ಮುಟ್ಟಲೂ ಆಗಬಾರದು, ಅಪ್ಪಿತಪ್ಪಿಯೂ ತನಗೆ ವಿಕೆಟ್ ಸಿಗಬಾರದು ಅಂತ ಬೌಲ್ ಮಾಡುತ್ತಿದ್ದ ಒಬ್ಬ ಫಾಸ್ಟ್ ಬೌಲರ್! ಮುಂದಿನ ಓವರ್‌ನಲ್ಲಿ ವಾಸಿಂ ಅಕ್ರಂ ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈಗೆ ಕ್ಯಾಚ್ ಕೊಟ್ಟರು. ಕುಂಬ್ಳೆ ಲೆಕ್ಕ 74 ರನ್‌ಗೆ 10 ವಿಕೆಟ್. ಟೆಸ್ಟ್ ಇತಿಹಾಸದಲ್ಲಿ ಅದಕ್ಕೂ ಮುಂಚೆ ಹಾಗೆ ಮಾಡಿದ್ದವರು 1956ರಲ್ಲಿ ಜಿಮ್ ಲೇಕರ್ ಒಬ್ಬರೇ.

ಮೈದಾನದಲ್ಲಾಗಲಿ, ಕ್ರೈಸ್ತ ಸಭೆಯ ಸೇವೆಯಲ್ಲಾಗಲಿ, ತಂಡವಾಗಿ ಆಡುವುದು ಮತ್ತು ತನ್ನನ್ನು ತಾನೇ ಮೆರೆಸಿಕೊಳ್ಳುವುದು, ಇವೆರಡರ ನಡುವಿನ ಗೆರೆ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಓವರ್ ನೆನಪಿಸಿಕೊಳ್ಳುತ್ತೇನೆ. ಇದು ವೈಯಕ್ತಿಕ ದಾಖಲೆಯೇ, ಅಲ್ವಾ? ಆದರೂ ಯಾರಿಗೂ ಅದರಲ್ಲಿ ಸ್ವಾರ್ಥ ಕಾಣಲಿಲ್ಲ. ಕಾರಣ ಎರಡು. ಒಂದು, ಕುಂಬ್ಳೆ ಪಡೆದ ಪ್ರತಿ ವಿಕೆಟ್ ತಂಡವನ್ನು ಗೆಲುವಿನ ಹತ್ತಿರ ಒಯ್ಯುತ್ತಿತ್ತು. ಎರಡು, ಕೊನೆಯ ಹೆಜ್ಜೆಗೆ ದಾರಿ ಬಿಟ್ಟುಕೊಟ್ಟಿದ್ದು ಜೊತೆಗಾರ. ಹೊಗಳಿಕೆ ನಿನ್ನ ಬಾಯಿಂದ ಬರದೆ ಬೇರೆಯವರ ಬಾಯಿಂದ ಬರಲಿ ಅನ್ನುವ ಅರ್ಥದ ಮಾತು ಬೈಬಲಿನ ಜ್ಞಾನೋಕ್ತಿಗಳ 27ನೇ ಅಧ್ಯಾಯದಲ್ಲಿದೆ. ಅದನ್ನು ಮೈದಾನದಲ್ಲಿ ತೋರಿಸಬೇಕು ಅಂದರೆ ಶ್ರೀನಾಥ್ ಅವರ ಆ ಒಂದು ಓವರ್ ಸಾಕು.

ಹಾಗಾಗಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಆಡುವುದು ಸ್ವಪ್ರಚಾರ ಅಲ್ಲ. ವೇದಿಕೆ ಮೇಲೆ ನಿಲ್ಲುವುದೂ ಅಲ್ಲ. ನಾಲ್ಕು ಜನರ ಕಣ್ಣಿಗೆ ಬೀಳುವ ಕೆಲಸ ಯಾರಾದರೂ ಮಾಡಲೇಬೇಕು. ಕೆಲಸಕ್ಕಿಂತ ಹೆಸರು ಮುಖ್ಯವಾದಾಗ, ಹೆಸರಿಗೋಸ್ಕರ ಕೆಲಸದ ದಿಕ್ಕೇ ಬದಲಾದಾಗ ತೊಂದರೆ ಶುರುವಾಗುತ್ತೆ.

ತಂಡ ಯಾಕೆ ಗೆಲ್ಲುತ್ತೆ ಅನ್ನುವುದನ್ನು ರಿಲೇ ಓಟ ಬಹಳ ಸ್ಪಷ್ಟವಾಗಿ ತೋರಿಸುತ್ತೆ. 2016ರ ರಿಯೊ ಒಲಿಂಪಿಕ್ಸ್‌ನ ಪುರುಷರ 4x100 ಮೀಟರ್ ಫೈನಲ್. ಜಪಾನಿನ ನಾಲ್ವರಲ್ಲಿ ಒಬ್ಬರೂ ಅಲ್ಲಿಯವರೆಗೆ 100 ಮೀಟರನ್ನು ಅಧಿಕೃತವಾಗಿ 10 ಸೆಕೆಂಡಿನೊಳಗೆ ಓಡಿರಲಿಲ್ಲ. ಆ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ಗೂ ಯಾರೂ ತಲುಪಿರಲಿಲ್ಲ. ಆದರೂ ರಿಲೇಯಲ್ಲಿ 37.60 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು. ಅವರ ಮುಂದೆ ಇದ್ದದ್ದು ಉಸೇನ್ ಬೋಲ್ಟ್ ಇದ್ದ ಜಮೈಕಾ ಮಾತ್ರ. ಮೂರನೆಯವರಾಗಿ ಗೆರೆ ದಾಟಿದ ಅಮೆರಿಕದ ಓಟಗಾರರು ಬ್ಯಾಟನ್ (ಕೈಯಿಂದ ಕೈಗೆ ದಾಟಿಸುವ ಕೋಲು) ಕೊಡುವಾಗ ಮಾಡಿದ ತಪ್ಪಿಗೆ ಪದಕ ಕಳೆದುಕೊಂಡರು.

ಇದು ಹೇಗೆ ಸಾಧ್ಯ? ರಿಲೇಯಲ್ಲಿ ಗಡಿಯಾರ ಓಟಗಾರನನ್ನು ನೋಡುವುದಿಲ್ಲ, ಬ್ಯಾಟನ್ ನೋಡುತ್ತೆ. ನಾಲ್ಕು ಜನ ಬದಲಾಗುತ್ತಾರೆ, ಬ್ಯಾಟನ್ ಒಂದೇ. ಅದರ ವೇಗ ಎಲ್ಲೂ ಕುಗ್ಗಬಾರದು. ಆಗ ಬ್ಯಾಟನ್ ಕೊಡಲು ಇದ್ದ ಜಾಗ 20 ಮೀಟರ್ ಮಾತ್ರ. ಹಿಂದಿನಿಂದ ಬರುವವನು ಪೂರ್ತಿ ವೇಗದಲ್ಲಿರಬೇಕು, ಮುಂದಿನವನು ಆಗಲೇ ಓಡಲು ಶುರು ಮಾಡಿರಬೇಕು. ಹಿಂದೆ ತಿರುಗಿ ನೋಡದೆ ಕೈ ಚಾಚಬೇಕು. ಜಪಾನಿಯರು ಬ್ಯಾಟನ್ನನ್ನು ಕೆಳಗಿನಿಂದ ಮೇಲಕ್ಕೆ ಕೊಡುವ ವಿಧಾನ ರೂಢಿ ಮಾಡಿಕೊಂಡಿದ್ದರು. ಹಾಗೆ ಕೊಟ್ಟರೆ ತೆಗೆದುಕೊಳ್ಳುವವನು ಕೈಯನ್ನು ಜಾಸ್ತಿ ಎತ್ತಬೇಕಿಲ್ಲ, ಓಟದ ಲಯ ಕೆಡುವುದಿಲ್ಲ. ಅಂದರೆ ಕೊಡುವವನು ತೆಗೆದುಕೊಳ್ಳುವವನ ಅನುಕೂಲ ನೋಡಿ ಕೊಡುತ್ತಾನೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ನಾಲ್ಕು ಜನ ಎಷ್ಟು ಚುರುಕಾಗಿದ್ದರೂ ಆ 20 ಮೀಟರಿನಲ್ಲಿ ಎಲ್ಲ ಹೋಗಿಬಿಡುತ್ತೆ.

ಸೈಕಲ್ ರೇಸ್‌ನಲ್ಲಿ ಇದು ಇನ್ನೂ ಕಠಿಣ. ಗಾಳಿಗೆ ಎದೆಯೊಡ್ಡಿ ಮುಂದೆ ಹೋಗುವವನು ದಣಿಯುತ್ತಾನೆ, ಅವನ ಹಿಂದೆಯೇ ಅಂಟಿಕೊಂಡು ಬರುವವನಿಗೆ ಶ್ರಮ ಎಷ್ಟೋ ಕಡಿಮೆ. ಅದಕ್ಕೇ ಪ್ರತಿ ತಂಡದಲ್ಲೂ ನಾಯಕನಿಗಾಗಿ ಗಾಳಿ ತಡೆಯುವ, ನೀರಿನ ಬಾಟಲಿ ತಂದುಕೊಡುವ ಸವಾರರಿರುತ್ತಾರೆ. ಅವರಿಗೆ ಫ್ರೆಂಚ್‌ನಲ್ಲಿ ದೊಮೆಸ್ತಿಕ್ ಅನ್ನುತ್ತಾರೆ, ಅಂದರೆ ಮನೆಯಾಳು. 1911ರಲ್ಲಿ ಟೂರ್ ಡಿ ಫ್ರಾನ್ಸ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಒಬ್ಬ ಸವಾರನನ್ನು ಬೈಯಲು ಬಳಸಿದ ಮಾತು ಅದು. ಬೈಗುಳವೇ ಆಮೇಲೆ ಹುದ್ದೆಯ ಹೆಸರಾಯಿತು. ಚರ್ಚಿನ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬಳಸುವ ಮಿನಿಸ್ಟ್ರಿ ಅನ್ನುವ ಪದದ ಲ್ಯಾಟಿನ್ ಮೂಲಕ್ಕೂ ಆಳು, ಸೇವಕ ಅನ್ನುವುದೇ ಅರ್ಥ. ನಾವಂತೂ ನೇರವಾಗಿ ಸೇವೆ ಅಂತಲೇ ಕರೆಯುತ್ತೇವೆ. ಆ ಪದ ನಾಲಿಗೆ ಮೇಲೆ ಎಷ್ಟು ಸವೆದಿದೆ ಅಂದರೆ ಅದರೊಳಗೆ ಒಬ್ಬ ಆಳು ಇದ್ದಾನೆ ಅನ್ನುವುದೇ ಮರೆತುಹೋಗಿದೆ.

1934ರ ಟೂರ್. ರೆನೆ ವಿಯೆಟ್ಟೊಗೆ ಆಗ ಬರೀ 20 ವರ್ಷ, ಬೆಟ್ಟ ಹತ್ತುವುದರಲ್ಲಿ ನಿಸ್ಸೀಮ. ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ತಂಡದ ನಾಯಕ ಆಂತೊನಿನ್ ಮಾನ್ಯ ಬಿದ್ದು ಅವನ ಚಕ್ರ ಮುರಿಯಿತು. ವಿಯೆಟ್ಟೊ ತನ್ನ ಮುಂದಿನ ಚಕ್ರ ಬಿಚ್ಚಿ ಕೊಟ್ಟ. ಆಮೇಲೆ ಚಕ್ರವಿಲ್ಲದ ಸೈಕಲ್ ಪಕ್ಕದಲ್ಲಿಟ್ಟುಕೊಂಡು ರಸ್ತೆ ಬದಿಯ ಕಲ್ಲುಗೋಡೆ ಮೇಲೆ ಕೂತು ಬದಲಿ ಚಕ್ರಕ್ಕಾಗಿ ಕಾಯುತ್ತಾ ಅತ್ತ. ಆ ಫೋಟೋ ಸೈಕಲ್ ಇತಿಹಾಸದಲ್ಲೇ ಪ್ರಸಿದ್ಧ. ಮರುದಿನ ಮತ್ತೆ ಮಾನ್ಯನ ಸೈಕಲ್ ಕೈಕೊಟ್ಟಿತು. ಮುಂದೆ ಹೋಗಿದ್ದ ವಿಯೆಟ್ಟೊ ಬಂದ ದಾರಿಯಲ್ಲೇ ಹಿಂದೆ ತಿರುಗಿ ಬೆಟ್ಟ ಹತ್ತಿ ಬಂದು ಈ ಸಲ ಸೈಕಲನ್ನೇ ಕೊಟ್ಟ. ಮಾನ್ಯ ಟೂರ್ ಗೆದ್ದ. ವಿಯೆಟ್ಟೊ ಐದನೆಯವನಾದ.

ಅವನು ಅತ್ತಿದ್ದು ನನಗೆ ಬಹಳ ಮುಖ್ಯ ಅನಿಸುತ್ತೆ. ತಂಡಕ್ಕಾಗಿ ಬಿಟ್ಟುಕೊಡುವವರು ಯಾವಾಗಲೂ ನಗುನಗುತ್ತಲೇ ಬಿಟ್ಟುಕೊಡಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಕ್ರೈಸ್ತ ಸಭೆಗಳಲ್ಲಂತೂ ಈ ಒತ್ತಡ ಜಾಸ್ತಿ. ಹೊಟ್ಟೆಯೊಳಗೆ ಸಂಕಟ ಇದ್ದರೂ ಚಕ್ರ ಕೊಟ್ಟವನು ಕೊಟ್ಟವನೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟೆಲ್ಲ ಓದಿದಾಗ ತಂಡ ಅಂದರೆ ಒಳ್ಳೆಯದು, ಒಬ್ಬ ವ್ಯಕ್ತಿ ಅಂದರೆ ಕೆಟ್ಟದ್ದು ಅನಿಸಬಹುದು. ಅದು ನಿಜ ಅಲ್ಲ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಅಳೆದು ನೋಡಿದ. 1913ರಲ್ಲಿ ಅವನು ಪ್ರಕಟಿಸಿದ ಲೆಕ್ಕದಲ್ಲಿ, ಎಂಟು ಜನ ಸೇರಿ ಎಳೆಯುವಾಗ ಒಬ್ಬೊಬ್ಬರೂ ಹಾಕಿದ ಬಲ ಒಂಟಿಯಾಗಿ ಎಳೆದಾಗಿನ ಬಲದ ಸುಮಾರು ಅರ್ಧದಷ್ಟಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಒಂದು ಕಾರಣ. ಹೇಗೂ ಉಳಿದವರು ಎಳೀತಾರಲ್ಲ ಅನ್ನುವ ಸಡಿಲತನ ಇನ್ನೊಂದು. ಆಮೇಲಿನ ಸಂಶೋಧಕರು ಕಂಡುಕೊಂಡಿದ್ದೇನೆಂದರೆ, ಯಾರು ಎಷ್ಟು ಮಾಡಿದರು ಅನ್ನುವುದು ತಿಳಿಯುವಂತಿದ್ದರೆ ಈ ಸಡಿಲತನ ಬಹಳ ಕಡಿಮೆಯಾಗುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಸಭೆಯ ಸೇವೆಗೆ ಬರೋಣ. ಕ್ರೀಡೆಯ ಪಾಠಗಳನ್ನು ಹಾಗೇ ಎತ್ತಿ ಸಭೆಗೆ ಅಂಟಿಸುವುದನ್ನು ಎಷ್ಟೋ ಪ್ರಸಂಗಗಳಲ್ಲಿ (ಚರ್ಚಿನ ಉಪದೇಶಗಳಲ್ಲಿ) ಕೇಳಿರುತ್ತೀರಿ. ಆದರೆ ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಮೈದಾನದಲ್ಲಿ ಸ್ಕೋರ್‌ಬೋರ್ಡ್ ಇದೆ. ಶತಕದ ಆಸೆಗೆ ನಿಧಾನವಾಗಿ ಆಡಿದರೆ ಪಂದ್ಯ ಸೋತಾಗ ಎಲ್ಲರಿಗೂ ಗೊತ್ತಾಗುತ್ತೆ. ಪಾಸ್ ಕೊಡದೆ ತಾನೇ ಗೋಲ್ ಹೊಡೆಯಲು ಹೋದವನನ್ನು ಕೋಚ್ ಮರುದಿನ ಬೆಂಚ್ ಮೇಲೆ ಕೂರಿಸುತ್ತಾನೆ. ಸ್ವಪ್ರಚಾರಕ್ಕೆ ಅಲ್ಲಿ ಬೇಗ ಬೆಲೆ ತೆರಬೇಕಾಗುತ್ತೆ.

ಸೇವೆಯಲ್ಲಿ ಅಂಥ ಬೋರ್ಡ್ ಇಲ್ಲ. ಒಬ್ಬ ಮನುಷ್ಯ ಕ್ಷಮಿಸಲು ಕಲಿತನಾ? ಸಾಯುವ ಹಾಸಿಗೆಯಲ್ಲಿದ್ದವರಿಗೆ ಸಮಾಧಾನ ಸಿಕ್ಕಿತಾ? ಇದನ್ನು ಅಳೆಯುವುದು ಹೇಗೆ? ಅಳೆಯಬೇಕಾದದ್ದನ್ನು ಅಳೆಯಲು ಆಗದಿದ್ದಾಗ, ಅಳೆಯಲು ಆಗುವುದನ್ನೇ ಹಿಡಿದುಕೊಳ್ಳುತ್ತೇವೆ. ಕೂಟಕ್ಕೆ ಎಷ್ಟು ಜನ ಬಂದರು, ವೀಡಿಯೊ ಎಷ್ಟು ಜನ ನೋಡಿದರು, ಪೋಸ್ಟರ್‌ನಲ್ಲಿ ಯಾರ ಫೋಟೋ ಎಷ್ಟು ದೊಡ್ಡದು. ಇವೇ ಸ್ಕೋರ್ ಆಗಿಬಿಡುತ್ತವೆ. ಸೋತಿದ್ದು ಗೊತ್ತಾಗುವುದೇ ಇಲ್ಲ. ಸೇವೆಯಲ್ಲಿ ಸ್ವಪ್ರಚಾರ ಆಟಕ್ಕಿಂತ ಅಪಾಯ ಅಂತ ನಾನು ಹೇಳುವುದು ಇದಕ್ಕೇ. ಅದೂ ಅಲ್ಲದೆ ಇಲ್ಲಿ ಅದಕ್ಕೆ ಒಳ್ಳೆಯ ಬಟ್ಟೆ ತೊಡಿಸಬಹುದು. ದೇವರಿಗೆ ಮಹಿಮೆ ಅಂತ ಒಂದು ಸಾಲು ಸೇರಿಸಿದರೆ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದೂ ಸಾಕ್ಷಿಯ ಹಾಗೆ ಕೇಳಿಸುತ್ತೆ.

ಇದು ಇಂದಿನ ರೋಗ ಅಲ್ಲ. ಯೇಸುವಿನ ಜೊತೆಗಿದ್ದ ಯಾಕೋಬ, ಯೋಹಾನರೇ ಬಲಕ್ಕೊಬ್ಬರು, ಎಡಕ್ಕೊಬ್ಬರು ಕೂರುವ ಜಾಗ ಕೇಳಿದರು. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬಂತು. ಮಾರ್ಕನು ಬರೆದ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಇದೆ. ಯೋಹಾನನು ಬರೆದ ಮೂರನೆಯ ಪತ್ರದಲ್ಲಿ ದಿಯೊತ್ರೇಫ ಅನ್ನುವವನೊಬ್ಬ ಬರುತ್ತಾನೆ. ಎಲ್ಲರಿಗಿಂತ ಮುಂದೆ ಇರಬೇಕು ಅನ್ನುವ ಆಸೆ ಅವನದು. ಬಂದ ಸಹೋದರರನ್ನು ತಾನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವವರನ್ನೂ ಸಭೆಯಿಂದ ಹೊರಗೆ ಹಾಕುತ್ತಾನೆ. ಪೈಪೋಟಿ ಕಂಡರಾಗದ ನಾಯಕನ ಗುರುತು ಆ ಪುಟ್ಟ ಪತ್ರದಲ್ಲೇ ಇದೆ.

ಗ್ರೀಸಿನ ಕೊರಿಂಥದ ಕಥೆ ಇನ್ನೂ ಸ್ವಾರಸ್ಯ. ಆ ಊರಿನ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಯೇಸುವಿನ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಅಲ್ಲಿ ಒಂದೂವರೆ ವರ್ಷ ಇದ್ದ. ಆ ಕಾಲದ ಗ್ರೀಕ್ ಕ್ರೀಡೆ ಅಂದರೆ ಓಟ, ಕುಸ್ತಿ, ಮುಷ್ಟಿಯುದ್ಧ. ಫುಟ್‌ಬಾಲ್‌ನ ಹಾಗೆ ಹನ್ನೊಂದು ಜನ ಸೇರಿ ಆಡುವ ಸ್ಪರ್ಧೆ ಇರಲಿಲ್ಲ. ಬೆಳ್ಳಿ, ಕಂಚು ಕೂಡ ಇರಲಿಲ್ಲ. ಗೆದ್ದವನೊಬ್ಬನಿಗೇ ಕಿರೀಟ. ಅದೂ ಬಾಡಿಹೋಗುವ ಎಲೆಗಳದ್ದು. ಅಂಥ ಊರಿನ ಸಭೆಯವರು ಸಭೆಯನ್ನೂ ಅದೇ ಕಣ್ಣಲ್ಲಿ ನೋಡಿದರು. ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಅಂತ ಒಬ್ಬೊಬ್ಬ ಬೋಧಕನ ಹೆಸರಿನಲ್ಲಿ ಗುಂಪು ಕಟ್ಟಿಕೊಂಡರು. ಅಭಿಮಾನಿ ಸಂಘಗಳೇ ಸರಿ.

ಪೌಲ ಅವರಿಗೆ ಬರೆದ ಮೊದಲ ಪತ್ರವನ್ನು ಈ ಕಣ್ಣಿನಿಂದ ಓದಿದರೆ ಒಂದು ವಿಷಯ ಕಾಣುತ್ತೆ. 9ನೇ ಅಧ್ಯಾಯದಲ್ಲಿ ಅವನು ಓಟ, ಮುಷ್ಟಿಯುದ್ಧದ ಉದಾಹರಣೆ ಕೊಡುತ್ತಾನೆ. ಆದರೆ ತನ್ನನ್ನು ತಾನು ಹದ್ದುಬಸ್ತಿನಲ್ಲಿಟ್ಟುಕೊಳ್ಳುವುದರ ಬಗ್ಗೆ ಮಾತ್ರ. ಒಬ್ಬರ ಜೊತೆ ಒಬ್ಬರು ಹೇಗಿರಬೇಕು ಅಂತ ಹೇಳುವಾಗ ಕ್ರೀಡಾಂಗಣ ಬಿಟ್ಟು ಹೊಲಕ್ಕೆ ಹೋಗುತ್ತಾನೆ: ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು. 12ನೇ ಅಧ್ಯಾಯದಲ್ಲಿ ದೇಹದ ಹೋಲಿಕೆ ತರುತ್ತಾನೆ: ಕಣ್ಣು ಕೈಗೆ ನೀನು ಬೇಡ ಅನ್ನಲು ಆಗುವುದಿಲ್ಲ. ಅವನ ಕಾಲದ ಆಟದಲ್ಲಿ ತಂಡ ಇರಲಿಲ್ಲ, ಅದಕ್ಕೆ ಬೇರೆ ಚಿತ್ರ ಬೇಕಾಯಿತು ಅನ್ನುವುದು ನನ್ನ ಓದು.

ಫಿಲಿಪ್ಪಿ ಅನ್ನುವ ಊರಿನ ಸಭೆಯವರಿಗೆ ಬರೆಯುವಾಗ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅಥ್ಲೀಟ್ ಅನ್ನುವ ಪದ ನಮಗೆ ಗೊತ್ತು. ಅದರ ಗ್ರೀಕ್ ಬೇರಿಗೆ 'ಜೊತೆಗೆ' ಅನ್ನುವ ಅರ್ಥದ 'ಸುನ್' ಸೇರಿಸಿ ಸುನಾಥ್ಲೆಯೋ ಅನ್ನುವ ಕ್ರಿಯಾಪದ ಬಳಸುತ್ತಾನೆ. ಜೊತೆಜೊತೆಯಾಗಿ ಸ್ಪರ್ಧಿಸು, ಹೆಗಲಿಗೆ ಹೆಗಲು ಕೊಟ್ಟು ಹೋರಾಡು ಅಂತ ಅರ್ಥ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಎರಡೇ ಕಡೆ, ಎರಡೂ ಈ ಪತ್ರದಲ್ಲೇ. ಎರಡನೆಯದು ಯಾರ ಬಗ್ಗೆ ಗೊತ್ತಾ? ಯುವೊದ್ಯ ಮತ್ತು ಸಂತುಕೆ ಅನ್ನುವ ಇಬ್ಬರು ಹೆಂಗಸರ ಬಗ್ಗೆ. ಇಬ್ಬರಿಗೂ ಆಗ ಮನಸ್ತಾಪ ಇತ್ತು. ಇವರು ನನ್ನ ಜೊತೆ ಸೇರಿ ಸುವಾರ್ತೆಗಾಗಿ ಹೋರಾಡಿದವರು ಅಂತ ಪೌಲ ಇಡೀ ಸಭೆಗೆ ನೆನಪಿಸುತ್ತಾನೆ. ಜಗಳವಾಡಿದವರಿಗೆ ಅವರ ಹಳೆಯ ಒಗ್ಗಟ್ಟನ್ನು ನೆನಪಿಸಿಕೊಡುವ ಈ ರೀತಿ ನನಗೆ ತುಂಬಾ ಇಷ್ಟ.

ಹಾಗಾದರೆ ಮಾಡಿದ ಕೆಲಸದ ಬಗ್ಗೆ ಬಾಯಿಬಿಡಲೇಬಾರದಾ? ಈ ಪ್ರಶ್ನೆ ಪ್ರಾಮಾಣಿಕವಾಗಿ ಸೇವೆ ಮಾಡುವ ಎಷ್ಟೋ ಜನರನ್ನು ಕಾಡುತ್ತೆ. ಹೇಳದಿದ್ದರೆ ಪ್ರಾರ್ಥಿಸುವವರಿಗೆ, ಹಣ ಕೊಡುವವರಿಗೆ ಏನೂ ತಿಳಿಯುವುದಿಲ್ಲ. ಪೌಲ, ಬಾರ್ನಬರು ಮೊದಲ ಪ್ರಯಾಣ ಮುಗಿಸಿ ಅಂತಿಯೋಕ್ಯಕ್ಕೆ ಬಂದಾಗ ಸಭೆ ಕೂಡಿಸಿ ಎಲ್ಲವನ್ನೂ ಹೇಳಿದರು. ಆದರೆ ದೇವರು ತಮ್ಮ ಜೊತೆಗಿದ್ದು ಏನು ಮಾಡಿದ ಅಂತ ಹೇಳಿದರು. ವರದಿಗೂ ತುತ್ತೂರಿಗೂ ಇರುವ ವ್ಯತ್ಯಾಸ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದೇ ಸುದ್ದಿಯಲ್ಲಿ ನನ್ನ ಹೆಸರಿನ ಜಾಗದಲ್ಲಿ ಬೇರೆಯವರ ಹೆಸರಿದ್ದರೆ ಇಷ್ಟೇ ಖುಷಿಯಿಂದ ಹೇಳುತ್ತಿದ್ದೆನಾ? ಪೌಲ ಜೈಲಿನಲ್ಲಿದ್ದಾಗ ಕೆಲವರು ಅವನ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಪ್ರಸಂಗ ಮಾಡುತ್ತಿದ್ದರು. ಅವರ ಉದ್ದೇಶ ಏನೇ ಇರಲಿ, ಕ್ರಿಸ್ತನ ಸುದ್ದಿ ಹರಡುತ್ತಿದೆಯಲ್ಲ, ಸಂತೋಷ ಅಂತ ಬರೆದ. ಆ ಮಟ್ಟ ಮುಟ್ಟುವುದು ಸುಲಭ ಅಲ್ಲ.

ಮನಸ್ಸಿನ ಮೇಲೆ ಮಾತ್ರ ನಂಬಿಕೆ ಇಟ್ಟರೆ ಸಾಲದು, ವ್ಯವಸ್ಥೆಯೂ ಬೇಕು. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ, ಯೇಸುವಿನ ಸಂದೇಶ ಸಾರುತ್ತಿದ್ದ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ತಮ್ಮ ಜೊತೆಗಾರರಾದ ಕ್ಲಿಫ್ ಬ್ಯಾರೋಸ್, ಬೆವರ್ಲಿ ಶೇ, ಗ್ರೇಡಿ ವಿಲ್ಸನ್ ಜೊತೆ ಕೂತರು. ಸುವಾರ್ತಿಕರು ಎಲ್ಲೆಲ್ಲಿ ಎಡವುತ್ತಾರೆ ಅಂತ ಒಬ್ಬೊಬ್ಬರೂ ಬೇರೆಬೇರೆಯಾಗಿ ಪಟ್ಟಿ ಮಾಡಿದರು. ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಣ, ಲೈಂಗಿಕ ನಡತೆ, ಸ್ಥಳೀಯ ಸಭೆಗಳನ್ನು ಟೀಕಿಸುವುದು, ಮತ್ತೆ ಪ್ರಚಾರದಲ್ಲಿ ಉತ್ಪ್ರೇಕ್ಷೆ. ಕೊನೆಯದಕ್ಕೆ ಅವರು ಕಂಡುಕೊಂಡ ಪರಿಹಾರ ಬಹಳ ಸರಳ. ಎಷ್ಟು ಜನ ಸೇರಿದ್ದರು ಅಂತ ತಾವು ಹೇಳುವುದಿಲ್ಲ, ಪೊಲೀಸರೋ ಮೈದಾನ ನೋಡಿಕೊಳ್ಳುವವರೋ ಕೊಟ್ಟ ಸಂಖ್ಯೆ ಕಡಿಮೆ ಅನಿಸಿದರೂ ಅದನ್ನೇ ಒಪ್ಪುವುದು. ಸ್ಕೋರ್‌ಬೋರ್ಡ್ ಇಲ್ಲದ ಕಡೆ ಅಂಪೈರ್ ಆದರೂ ಹೊರಗಿನವನಿರಲಿ ಅಂದ ಹಾಗೆ. ಸಣ್ಣ ಪ್ರಾರ್ಥನಾ ಕೂಟದವರೂ ಇದನ್ನು ಮಾಡಬಹುದು. ಲೆಕ್ಕ ಒಬ್ಬರ ಕೈಯಲ್ಲಿ, ಮೈಕ್ ಇನ್ನೊಬ್ಬರ ಕೈಯಲ್ಲಿ. ಪ್ರಸಂಗ ಸರದಿಯ ಮೇಲೆ.

ಇನ್ನೊಂದು ಕಡೆಯ ತಪ್ಪನ್ನೂ ಹೇಳದಿದ್ದರೆ ಈ ವಿಷಯ ಅರ್ಧವೇ ಆಗುತ್ತೆ. ಎಲ್ಲರೂ ಸೇರಿ ಮಾಡಿದ್ದು, ಹೆಸರೆಲ್ಲ ಯಾಕೆ ಅನ್ನುವ ಮಾತನ್ನು ಸಾಮಾನ್ಯವಾಗಿ ಹೇಳುವುದು ಯಾರು? ಎಷ್ಟೋ ಸಲ, ಈಗಾಗಲೇ ಹೆಸರಿರುವವರು. ಮುಂಜಾನೆ ಬಂದು ಕುರ್ಚಿ ಹಾಕಿದವರು, ಪಾಠ ಬರೆದುಕೊಟ್ಟ ಸಂಡೇ ಸ್ಕೂಲ್ ಟೀಚರ್, ಆಸ್ಪತ್ರೆಗೆ ಹೋಗಿ ಬಂದ ಅಕ್ಕ, ಇವರ ಕೆಲಸವೆಲ್ಲ 'ನಮ್ಮ ತಂಡ' ಅನ್ನುವ ಒಂದು ಪದದಲ್ಲಿ ಕರಗಿಹೋಗುತ್ತೆ. ವೇದಿಕೆ ಮೇಲಿನ ಒಂದು ಹೆಸರು ಮಾತ್ರ ಉಳಿಯುತ್ತೆ. ಹಾಗೆ ಕರಗಿಸುವುದು ತಂಡದ ಮನೋಭಾವ ಅಲ್ಲ, ಅನ್ಯಾಯ. ಹಗ್ಗ ಎಳೆಯುವ ಪ್ರಯೋಗ ನೆನಪಿದೆಯಲ್ಲ? ತಾನು ಎಳೆದದ್ದು ಯಾರಿಗೂ ಕಾಣುವುದಿಲ್ಲ ಅಂತಾದರೆ ಒಳ್ಳೆಯವರ ಕೈಯೂ ಸಡಿಲವಾಗುತ್ತೆ.

ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಎಷ್ಟೋ ಜನ ಓದದೆ ಬಿಡುತ್ತಾರೆ, ಬರೀ ಹೆಸರುಗಳು ಅಂತ. 30ಕ್ಕೂ ಹೆಚ್ಚು ಹೆಸರುಗಳಿವೆ. ಸುಮ್ನೆ ಹೆಸರಲ್ಲ, ಯಾರು ಏನು ಮಾಡಿದರು ಅನ್ನುವುದೂ ಇದೆ. ಫೊಯಿಬೆ ಬಹಳ ಜನರಿಗೆ, ನನಗೂ ಆಸರೆಯಾದವಳು. ಪ್ರಿಸ್ಕ, ಅಕ್ವಿಲ ನನ್ನ ಜೀವಕ್ಕಾಗಿ ತಮ್ಮ ಕುತ್ತಿಗೆ ಒಡ್ಡಿದವರು. ಮರಿಯ ನಿಮಗಾಗಿ ತುಂಬಾ ದುಡಿದವಳು. ರೂಫನ ತಾಯಿ ನನಗೂ ತಾಯಿ. ತನ್ನ ಪ್ರಚಾರ ತಾನು ಮಾಡಿಕೊಳ್ಳದವನು ಬೇರೆಯವರ ಹೆಸರನ್ನು ಹೀಗೆ ಒಂದೊಂದಾಗಿ, ಗಟ್ಟಿಯಾಗಿ, ಇಡೀ ಸಭೆಗೆ ಕೇಳುವ ಹಾಗೆ ಹೇಳುತ್ತಾನೆ.

ಆ ಪಟ್ಟಿಯ ಕೊನೆಯ ಹತ್ತಿರ, 22ನೇ ವಚನದಲ್ಲಿ, ಇದ್ದಕ್ಕಿದ್ದ ಹಾಗೆ ದನಿ ಬದಲಾಗುತ್ತೆ. ಅಲ್ಲಿಯವರೆಗೆ ಮಾತಾಡುತ್ತಿದ್ದವನು ಪೌಲ. ಅವನು ಹೇಳುತ್ತಾ ಹೋಗಿದ್ದನ್ನು ಬರೆದುಕೊಳ್ಳುತ್ತಿದ್ದವನು ಬೇರೊಬ್ಬ. ಇಷ್ಟು ದೊಡ್ಡ ಪತ್ರ, ಅಷ್ಟೂ ಸಾಲು ಅವನ ಕೈಯಲ್ಲೇ ಮೂಡಿದ್ದು. ಪೌಲ ಅವನಿಗೆ ಒಂದು ಸಾಲಿನ ಜಾಗ ಬಿಟ್ಟುಕೊಟ್ಟಿದ್ದಾನೆ. ಅದರಲ್ಲಿ ಅವನು ತನ್ನ ಹೆಸರು ತೆರ್ತ್ಯ, ಈ ಪತ್ರ ಬರೆದವನು ನಾನು, ನಿಮಗೆ ವಂದನೆ ಅಂತ ಹೇಳಿ ಮತ್ತೆ ಲೇಖನಿಯನ್ನು ಪೌಲನ ಮಾತಿಗೆ ಒಪ್ಪಿಸುತ್ತಾನೆ.